ಹಿರೀಕರ ಜೊತೆ ಕೂತವನು

ಆಗಸ್ಟ್ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಮಗ ಗಡಿಯ ಯುದ್ಧದಲ್ಲಿ ತೀರಿಕೊಂಡ ಮೇಲೆ, ಸ್ವಾತಂತ್ರ್ಯ ದಿನದಂದು ಮೈದಾನದ ವೇದಿಕೆಯಲ್ಲಿ ಗಂಡಹೆಂಡಿರಿಬ್ಬರಿಗೂ ಕುರ್ಚಿ ಇರುತ್ತಿತ್ತು. ಶಾಲು, ಹಣ್ಣಿನ ಬುಟ್ಟಿ, ಅವನ ಫೋಟೋಗೆ ಹಾರ. ಅವನಿಗೆ ಗುಂಡು ಬಿದ್ದ ಬಗೆಯನ್ನು ಭಾಷಣದವರು ಪ್ರತಿವರ್ಷ ಹೊಸದಾಗಿ ವರ್ಣಿಸುತ್ತಿದ್ದರು. ಆಮೇಲೆ ವಾರಗಟ್ಟಲೆ ನನ್ನ ಹೆಂಡತಿ ಸರಿಯಾಗಿ ಉಣ್ಣುತ್ತಿರಲಿಲ್ಲ. ನಾನು ಶಾಲನ್ನು ಮಡಿಸಿ ಟ್ರಂಕಿಗೆ ಸೇರಿಸುತ್ತಿದ್ದೆ.

ಒಂದು ವರ್ಷ ತಾಲ್ಲೂಕು ಆಫೀಸಿನ ಗುಮಾಸ್ತ ಕರೆಯಲು ಬಂದಾಗ ಅವಳು ಒಳಗಿನಿಂದಲೇ ಹೇಳಿದಳು.

“ಈ ಸಲ ನಾನು ಬರಕಿಲ್ಲ ಕಣಪ್ಪ.”

“ಹಂಗಂದ್ರೆ ಹೆಂಗಮ್ಮ? ನಿಮ್ ಕುರ್ಚಿ ಖಾಲಿ ಇದ್ರೆ ಸಾಹೇಬ್ರು ನನ್ ಕುರ್ಚಿ ಕಿತ್ಕೊಂತಾರೆ.”

“ಇನ್ನೇನ್ ಮತ್ತೆ, ನನ್ ಕುರ್ಚೀಲಿ ನೀನೇ ಕೂತ್ಕೊ ಹೋಗು.”

ಅವನು ನಕ್ಕ. ನನಗೆ ನಗು ಬರಲಿಲ್ಲ. ಅವನು ಹೋದ ಮೇಲೆ ರೇಗಿದೆ. “ಊರು ನಮ್ಮ ಮಗನನ್ನ ನೆನೆಸ್ಕೊಳ್ಳುತ್ತೆ. ನೀನೇ ಮರೆತರೆ?”

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನಮ್ಮಲ್ಲಿ ವರ್ಷದ ತಿಥಿ ಮುಗಿದರೆ ಸತ್ತವರಿಗೆ ಬೇರೆ ದಿನವಿಲ್ಲ. ಪಿತೃಪಕ್ಷದಲ್ಲಿ ಮನೆಯ ಹಿರಿಯರಿಗೆಲ್ಲ ಇಡುವ ಎಡೆಯಲ್ಲೇ ಅವರಿಗೂ ಪಾಲು. ಅವಳು ಹಿಡಿದದ್ದು ಅದನ್ನೇ.

“ಮರ್ತಿಲ್ಲ ಕಣ್ರೀ. ನಾವೇ ಅವನ್ನ ಹಿರೀಕರ ಜೊತೆ ಸೇರಿಸಿದ್ವಲ್ಲ? ನಿಮ್ಮಪ್ಪನ ಪಕ್ಕ ಕೂತು ಉಂಡ್ಕೊಂಡು ಸುಮ್ಕಿರ್ತಾನೆ. ನೀವು ಆಗಸ್ಟಿನಾಗೆ ಎಬ್ಬಿಸ್ಕೊಂಡು ಹೋಗ್ತೀರ. ಮತ್ತೆ ಗುಂಡು ಹೊಡಿಸ್ತೀರ.”

ಎರಡು ದಿನ ಅಂಗಳದಲ್ಲಿ ಓಡಾಡಿದೆ. ಮೂರನೆಯ ದಿನ ಫೋಟೋ ಒರೆಸಿ ತಾಲ್ಲೂಕು ಆಫೀಸಿಗೆ ಒಯ್ದು ಗುಮಾಸ್ತನಿಗೆ ಕೊಟ್ಟೆ. “ಹಾರ ಹಾಕಿ, ಭಾಷಣ ಮಾಡಿ. ನಮ್ಮಿಬ್ಬರನ್ನ ಕರೀಬೇಡಿ.”

“ನೀವಾದ್ರೂ ಬನ್ನಿ ಮೇಷ್ಟ್ರೇ.”

“ಇಲ್ಲ.”

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಎಂದಿನಂತೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟೆ. ಹೋಗುವುದೆಲ್ಲಿಗೆ? ಗೇಟಿನಿಂದ ತೆಂಗಿನ ಮರದವರೆಗೆ, ಮರದಿಂದ ಗೇಟಿನವರೆಗೆ. ಮೈಕಿನಲ್ಲಿ ಮಗನ ಹೆಸರು ಕೇಳಿಸಿತು. ರಾಷ್ಟ್ರಗೀತೆ ಶುರುವಾದಾಗ ಅಂಗಳದಲ್ಲೇ ನೆಟ್ಟಗೆ ನಿಂತೆ. ಒಳಗೆ ಉಪ್ಪಿಟ್ಟಿಗೆ ಒಗ್ಗರಣೆ ಬಿದ್ದ ಸದ್ದು.

“ಬರ್ರೀ, ಆರೋಗ್ತದೆ.”

ಒಳಗೆ ಹೋದಾಗ ಅವಳು ತನ್ನ ತಟ್ಟೆಗೂ ಬಡಿಸಿಕೊಂಡಿದ್ದಳು. ಮಗ ಹೋದ ಮೇಲೆ ಸ್ವಾತಂತ್ರ್ಯ ದಿನದಂದು ಅವಳು ತಿಂದದ್ದನ್ನು ನಾನು ನೋಡಿರಲಿಲ್ಲ. ಎದುರಿಗೆ ಕೂತೆ. ಮಣೆಯ ಮೇಲೆ ಮಡಚಿದ ಕಾಲು ಮಾತ್ರ ಇನ್ನೂ ಮೈದಾನದ ಕಡೆಗೇ ಎಳೆಯುತ್ತಿತ್ತು.