ಬಾಯಿ ತಗೀರಿ, ಅತ್ತ್ಯಾರ

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರು ಬಲ ಎದೆಯ ಮೇಲ್ಭಾಗದಲ್ಲಿ ಬೆರಳಿಟ್ಟು, "ಎಷ್ಟು ದಿನದಿಂದ ಕೆಮ್ಮು?" ಎಂದು ಕೇಳಿದರು.

ಕೆಮ್ಮಿದೆ ಎಂದು ನಾನು ಹೇಳಿಯೇ ಇರಲಿಲ್ಲ.

ನಮ್ಮ ರಬಕವಿಯಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗ್ಗದ ಮನೆ ಎಂದ ಮೇಲೆ ನೂಲಿನ ಧೂಳು ಇದ್ದದ್ದೇ. ಕೆಮ್ಮು ಬಂದರೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಮತ್ತೆ ನೇಯಲು ಕೂಡುತ್ತೇವೆ. ನನ್ನ ಅತ್ತೆ ಒಂದು ವರ್ಷದಿಂದ ಹಾಗೇ ಕೆಮ್ಮುತ್ತಿದ್ದಳು. ಗಾಳಿಗೆ ಎಳೆ ಹಾರಿ ಕಡಿಯುತ್ತವೆ ಎಂದು ಕಿಟಕಿ ತೆಗೆಯಗೊಡುತ್ತಿರಲಿಲ್ಲ. ಅದೇ ಕೋಣೆಯಲ್ಲಿ, ಅವಳ ಮಗ್ಗದ ಪಕ್ಕದಲ್ಲೇ, ನನ್ನ ಮಗ್ಗ.

ನನ್ನ ಗಂಡ ಕೆನಡಾದಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಬಹುವಚನ ಬಿಟ್ಟು ಬರೆಯುತ್ತಿದ್ದೇನೆ, ಓದುವವರು ಏನಾದರೂ ಅಂದುಕೊಳ್ಳಲಿ. ಅವನಿಗೆ ಅಲ್ಲೇ ಕಾಯಂ ಉಳಿಯುವ ಪರವಾನಗಿ ಬೇಕಾಗಿತ್ತು. ಹೆಂಡತಿಯ ಮೆಡಿಕಲ್ ಪಾಸಾಗದೆ ಅವನಿಗೂ ಅದು ಸಿಗುವುದಿಲ್ಲ. ಅದಕ್ಕೇ ಅಣ್ಣನ ಜೊತೆ ಬೆಂಗಳೂರಿಗೆ ಹೋಗಿದ್ದೆ. ತೂಕ ನೋಡಿದರು, ರಕ್ತ ತೆಗೆದರು. ಸೀರೆ ಬಿಚ್ಚಿಸಿ ಗೌನ್ ತೊಡಿಸಿ, ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮೂರು ದಿನ ಬೆಳಿಗ್ಗೆ ಕಫ ಕೊಡಬೇಕಾಯಿತು.

ಟಿ.ಬಿ.

"ಗುಣವಾಗುತ್ತಮ್ಮ," ಡಾಕ್ಟರು ಹೇಳಿದರು. "ಆರು ತಿಂಗಳು ಮಾತ್ರೆ ತಪ್ಪಿಸಬೇಡಿ. ಅಲ್ಲೀವರೆಗೂ ನಿಮ್ಮಿಬ್ಬರ ಫೈಲೂ ಹೋಲ್ಡ್‌ನಲ್ಲಿರುತ್ತೆ."

ಗಂಡನಿಗೆ ಫೋನ್ ಮಾಡಿದೆ. ನನ್ನ ಎದೆಯ ಬಗ್ಗೆ ಒಂದು ಮಾತು ಕೇಳಲಿಲ್ಲ, ಫೈಲು ನಿಂತಿತಲ್ಲ ಎಂದು ಕೂಗಾಡಿದ. ನಾನು ಊರು ಮುಟ್ಟುವಷ್ಟರಲ್ಲಿ ನನ್ನ ಬಟ್ಟೆಯ ಗಂಟು ಕಟ್ಟೆಯ ಮೇಲಿತ್ತು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದಳು.

"ರೋಗದ ಹೆಣ್ಣ ಕೊಟ್ಟು ಮೋಸಾ ಮಾಡ್ಯಾರ," ಎಂದಳು ಓಣಿಗೆಲ್ಲ ಕೇಳುವಂತೆ. "ಇಕಿ ನಮ್ಮ ಮನ್ಯಾಕಿ ಅಲ್ಲ."

ಹೇಳುತ್ತ ಹೇಳುತ್ತಲೇ ಕೆಮ್ಮಿದಳು. ಒಳಗಿಂದ ಕಿತ್ತು ಬರುವ ಆ ಕೆಮ್ಮು ಈಗ ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ರೋಗ ಎಲ್ಲಿಂದ ಬಂತೆಂದು ಆ ಕಟ್ಟೆಯ ಮುಂದೆಯೇ ತಿಳಿಯಿತು.

ಬನಹಟ್ಟಿಯ ತವರಿಗೆ ಬಂದೆ. ವಾರಕ್ಕೆ ಮೂರು ದಿನ ಬೊಗಸೆ ಗುಳಿಗೆ. ಮೂತ್ರ ಕೆಂಪಗೆ, ಕೀಲು ಕೀಲು ನೋವು, ಅವ್ವ ಕೊಟ್ಟ ಮಜ್ಜಿಗೆಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವಾಂತಿ ಬಂದಾಗಲೆಲ್ಲ ಅತ್ತೆಯ ಮುಖ ನೆನೆದು ತಡೆದುಕೊಂಡೆ. ದೇವರ ಹೆಸರು ಹೇಳಿ ಗುಣವಾದವರು ಇರಬಹುದು. ನಾನು ಸಿಟ್ಟಿನಿಂದ ಗುಣವಾದೆ.

ಮನೆಯಲ್ಲಿ ಮತ್ಯಾರಿಗೆ ಕೆಮ್ಮಿದೆ ಎಂದು ಆರೋಗ್ಯ ಇಲಾಖೆಯ ಕಾರ್ಯಕರ್ತ ಮೊದಲ ವಾರವೇ ಕೇಳಿದ್ದ. ಅತ್ತೆಯ ಹೆಸರು, ಓಣಿ, ಮನೆಯ ಗುರುತು ಎಲ್ಲ ಬರೆಸಿದ್ದೆ. ಇದು ಧೂಳಿನ ಕೆಮ್ಮು, ಸೊಸೆಗೆ ಹೊಟ್ಟೆಕಿಚ್ಚು ಎಂದು ಅವಳು ಅವನನ್ನು ಮತ್ತೆ ಮತ್ತೆ ಅಟ್ಟಿದಳು. ನನ್ನ ಗುಳಿಗೆ ಮುಗಿಯುತ್ತ ಬಂದಾಗ ಗಂಡನಿಗೆ ನಾನೇ ಫೋನ್ ಮಾಡಿದೆ. ನಿಮ್ಮವ್ವ ಕಫ ಕೊಡದಿದ್ದರೆ ನಿನ್ನ ಎದೆಯನ್ನೂ ಮತ್ತೆ ತಪಾಸಣೆ ಮಾಡುತ್ತಾರಂತೆ, ಫೈಲು ಮತ್ತೆ ನಿಲ್ಲುತ್ತದಂತೆ ಎಂದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ.

ಮರುದಿನ ಅತ್ತೆ ಕಫ ಕೊಟ್ಟಳು. ಪಾಸಿಟಿವ್. ಅವಳದು ನನ್ನದಕ್ಕಿಂತ ಹಳೆಯದು ಎಂದರು.

ಗುಳಿಗೆಯನ್ನು ಯಾರಾದರೂ ಎದುರು ಕೂತು ನುಂಗಿಸಬೇಕು. ನನ್ನ ಸುದ್ದಿ ಹಬ್ಬಿಸಿ ಓಣಿಯನ್ನು ಹೆದರಿಸಿದವಳು ಅವಳೇ. ಈಗ ಅವಳ ಗುಳಿಗೆಯ ಡಬ್ಬಿ ಇಟ್ಟುಕೊಳ್ಳಲು ಒಬ್ಬರೂ ಒಪ್ಪಲಿಲ್ಲ. ಗುಣವಾದವರೂ ಕೊಡಬಹುದು ಎಂದು ಗೊತ್ತಿತ್ತು, ನಾನು ಕೊಡುತ್ತೇನೆ ಎಂದೆ. ಮನೆಯವರ ಕೈಲಿ ಕೊಡಿಸುವ ಹಾಗಿಲ್ಲ ಎಂದು ಕಾರ್ಯಕರ್ತ ತಲೆ ಕೆರೆದುಕೊಂಡ.

"ನಾ ಅವರ ಮನ್ಯಾಕಿ ಅಲ್ರಿ," ಎಂದೆ. "ಅವರ ಹೇಳ್ಯಾರ. ಓಣಿ ತುಂಬ ಸಾಕ್ಷಿ ಅದಾರ."

ಹೀಗೆ ವಾರಕ್ಕೆ ಮೂರು ದಿನ ಅತ್ತೆ ರಬಕವಿಯಿಂದ ಟಂಟಂ ಆಟೋ ಹತ್ತಿ ನನ್ನ ತವರಿನ ಕಟ್ಟೆಗೆ ಬರತೊಡಗಿದಳು. ಮೊದಲ ದಿನ ಒಂದು ಗುಳಿಗೆಯನ್ನು ದವಡೆಯಲ್ಲಿ ಅಡಗಿಸಿಕೊಂಡಳು.

"ಬಾಯಿ ತಗೀರಿ, ಅತ್ತ್ಯಾರ."

ತೆಗೆದಳು. ನಾಲಿಗೆ ಎತ್ತಿಸಿ ನೋಡಿದೆ. ನನ್ನನ್ನು ಓಣಿಯಲ್ಲಿ ನಿಲ್ಲಿಸಿ ಮಾತಾಡಿದ ಅದೇ ನಾಲಿಗೆ. ನನಗೆ ಬಹಳ ಸಂತೋಷವಾಯಿತು.

ಎರಡು ತಿಂಗಳಿಗೆ ಅವಳ ಕಫ ನೆಗೆಟಿವ್ ಬಂತು. ಕೆನ್ನೆ ತುಂಬಿಕೊಂಡಿವೆ. ಕೋಣೆಯ ಕಿಟಕಿ ತೆಗೆಸಿದ್ದಾಳಂತೆ. ನನ್ನ ಮೆಡಿಕಲ್ ಪಾಸಾಗಿದೆ. ಗಂಡ ದಿನಾ ಫೋನ್ ಮಾಡಿ ಬಾ ಎನ್ನುತ್ತಾನೆ, ಹೆಂಡತಿ ಬಾರದಿದ್ದರೆ ಜನ ಏನನ್ನುತ್ತಾರೆ ಎನ್ನುತ್ತಾನೆ. ನಿಮ್ಮವ್ವನ ಗುಳಿಗೆ ಮುಗಿಯುವವರೆಗೆ ಊರು ಬಿಡುವುದಿಲ್ಲ, ಆಮೇಲೆ ಬರುವುದೋ ಬಿಡುವುದೋ ನೋಡುತ್ತೇನೆ ಎಂದಿದ್ದೇನೆ. ಕಾಯಲಿ.

ಹೋದ ವಾರ ಅತ್ತೆ ಗುಳಿಗೆ ನುಂಗಿ, ಕೇಳದೆಯೇ ಬಾಯಿ ತೆಗೆದು ತೋರಿಸಿದಳು. ಆಮೇಲೆ ತಲೆ ತಗ್ಗಿಸಿ ಕೇಳಿದಳು, "ನಾ ಸತ್ತರ ನಿನಗ ಸಮಾಧಾನ ಆಗತಿತ್ತಲ್ಲ? ಯಾಕ ಬದಕಸಾಕತ್ತಿ?"

ನಾನು ನೀರಿನ ಲೋಟ ತೊಳೆದಿಟ್ಟೆ.

ಸೋಮವಾರ ಮತ್ತೆ ಬರುತ್ತಾಳೆ. ಬಾರದಿದ್ದರೆ ನಾನೇ ಡಬ್ಬಿ ಹಿಡಿದು ರಬಕವಿಗೆ ಹೋಗುತ್ತೇನೆ, ಅದೇ ಹೊಸ್ತಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅವಳ ಹೆಸರು ಕೂಗುತ್ತೇನೆ. ಸಾಯಲು ಬಿಡುವುದಿಲ್ಲ. ಅವಳು ನೂರು ವರ್ಷ ಬದುಕಬೇಕು, ಬದುಕಿಸಿದವಳು ಯಾರೆಂದು ದಿನಾ ನೆನೆಯಬೇಕು.