ಕಾರಿನೊಳಗಿನ ಟಕಟಕ

ಪೆಟ್ರೋಲ್ ಬಂಕಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹಳೇಬೀಡಿನ ನಮ್ಮ ಮನೆಯ ಕೊಟ್ಟಿಗೆ ಕಣ್ಣ ಮುಂದೆ ಬರುತ್ತದೆ. ದನ ಕಟ್ಟಬೇಕಾದ ಜಾಗದಲ್ಲಿ ಕೊಬ್ಬರಿ ಮೂಟೆಗಳು, ಅವುಗಳ ಪಕ್ಕ ಅಪ್ಪನ ಕಪ್ಪು ವಿಲಾಯಿತಿ ಕಾರು. ನಾನು ಹುಟ್ಟುವ ಹೊತ್ತಿಗೇ ಅದು ಮುದಿಯಾಗಿತ್ತು. ಅಪ್ಪನದೆಂದು ಹೆಸರಿಗಷ್ಟೇ, ನಿಜಕ್ಕೂ ಅದು ಅಜ್ಜಿಯ ಕಾರು. ಸೊಂಟ ಮುರಿದ ಮೇಲೆ ಅವಳಿಗೆ ನಡೆಯಲಾಗುತ್ತಿರಲಿಲ್ಲ, ಎತ್ತಿನಗಾಡಿಯ ಕುಲುಕಾಟವನ್ನೂ ತಡೆಯಲಾಗುತ್ತಿರಲಿಲ್ಲ. ಬಸ್ತಿಹಳ್ಳಿಯ ಬಸದಿಯಲ್ಲಿ ದರ್ಶನವಾಗದೆ ಅವಳು ಒಂದು ತುತ್ತನ್ನೂ ಮುಟ್ಟುವವಳಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅಪ್ಪ ಕಾರು ತೆಗೆಯುತ್ತಿದ್ದರು.

ಎಂಬತ್ತರ ಆಸುಪಾಸಿನ ಒಂದು ಬೇಸಿಗೆಯಲ್ಲಿ ಇಂಜಿನ್ನಿನೊಳಗೆ ಟಕಟಕ ಶುರುವಾಯಿತು. ಸಣ್ಣ ಏರು ಸಿಕ್ಕರೂ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ! "ಇಂಜಿನ್ ಬಿಚ್ಚೋ ಹಂಗಾದ್ರೆ ಗುಜರಿಗೇ ಸೈ," ಎಂದುಬಿಟ್ಟರು ಅಪ್ಪ. ಕಾರು ಹೋದರೆ ಅಜ್ಜಿ ಉಪವಾಸ ಬೀಳುತ್ತಾಳಲ್ಲ! ಮಾರನೆಯ ದಿನ ಮೆಕ್ಯಾನಿಕ್ಕಿಗೆ ತೋರಿಸಲು ನಾವು ಅರಸೀಕೆರೆಗೆ ಹೊರಟಾಗ ಅಜ್ಜಿ ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. "ಗುಜರಿಗೆ ಹಾಕೋದಾದ್ರೆ ನನ್ನೂ ಜೊತೆಗೇ ಹಾಕಿ ಬಾ," ಎಂದಳು.

ಅಲ್ಲಿನ ಮೆಕ್ಯಾನಿಕ್ ರಹೀಮ್ ಸಾಬರು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದರು. "ಬೇರಿಂಗ್ ಹೋಗಿಲ್ಲ, ಬದುಕ್ಕೊಂಡ್ರಿ." ಪ್ಲಗ್ಗಿನ ಕಿಡಿ ಹಾರುವ ಟೈಮಿಂಗ್ ಸರಿಮಾಡಿ ನೋಡಿದರು, ಸದ್ದು ಸ್ವಲ್ಪ ತಗ್ಗಿತೇ ಹೊರತು ಹೋಗಲಿಲ್ಲ. ಪ್ಲಗ್ಗು ಬಿಚ್ಚಿದರೆ ಬೂದಿಯಂತೆ ಬೆಳ್ಳಗಿತ್ತು. "ಇಂಜಿನ್‌ಗೆ ಪೆಟ್ರೋಲೇ ಸಾಲ್ತಿಲ್ಲ ಕಣ್ರೀ," ಎನ್ನುತ್ತಾ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ, ಅದರ ಸೂಜಿಗಣ್ಣಿನಷ್ಟು ಸಣ್ಣ ತೂತಿನಿಂದ ಬಿಳೀ ನೂಲೊಂದನ್ನು ಎಳೆದರು. "ಇದೇನ್ರೀ ಇದು, ಕಾರಿನೊಳಗೆ ನೂಲು?"

ಅಪ್ಪನ ಮುಖ ನೋಡಬೇಕಿತ್ತು! ನಾವು ಜೈನರು, ಕಣ್ಣಿಗೆ ಕಾಣದ ಜೀವಕ್ಕೂ ಹಿಂಸೆಯಾಗಬಾರದೆಂದು ಬಟ್ಟೆಯಲ್ಲಿ ಸೋಸಿಯೇ ನೀರು ಬಳಸುವವರು. ಅಜ್ಜಿ ಅಷ್ಟಕ್ಕೇ ಬಿಟ್ಟಿರಲಿಲ್ಲ. ಅರಸೀಕೆರೆಯಿಂದ ಡಬ್ಬದಲ್ಲಿ ತಂದ ಪೆಟ್ರೋಲಿನಲ್ಲೂ ಜೀವವಿದ್ದರೆ ಎಂದು ತನ್ನ ಹಳೇ ಸೀರೆಯ ತುಂಡು ಕೊಟ್ಟು, ಸೋಸಿಯೇ ಟ್ಯಾಂಕಿಗೆ ಸುರಿಯುವಂತೆ ಮಾಡಿದ್ದಳು. ಅಮ್ಮನ ಮಾತು ಮೀರುವ ಗಂಡಸೇ ನಮ್ಮಪ್ಪ! ಆ ಸವೆದ ಬಟ್ಟೆಯ ಎಳೆಗಳೇ ಇಳಿದು ದಾರಿ ಕಟ್ಟಿದ್ದವು.

"ಏನಂತೋ?" ಕಾರಿನೊಳಗಿಂದ ಅಜ್ಜಿ ಕೂಗಿದಳು.

"ಏನಿಲ್ಲಮ್ಮ, ನಿನ್ನ ಸೀರೆ ಸಿಕ್ತು," ಎಂದರು ಅಪ್ಪ.

ವಿಷಯ ತಿಳಿದ ಅಜ್ಜಿ ಒಂದು ಗಳಿಗೆ ಯೋಚಿಸಿದಳು. "ಹಂಗಾರೆ ಹೊಸಾ ಬಟ್ಟೆ ಕೊಡ್ತೀನಿ ಬಿಡು."

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸಣ್ಣ ತಂತಿ ಜಾಲರಿಯಿದ್ದ ಆಲಿಕೆಯೊಂದನ್ನು ತಂದು ಅವಳ ಕೈಗಿಟ್ಟರು. "ಅಮ್ಮಾ, ಇದ್ರಲ್ಲಿ ಸೋಸಿ. ಜೀವಾನೂ ಉಳೀತೈತೆ, ಇಂಜಿನ್ನೂ ಉಳೀತೈತೆ."

ಬರುವಾಗ ಜಾವಗಲ್ಲಿನ ಹತ್ತಿರದ ಏರಿನಲ್ಲಿ ನಾನು ಕಿವಿ ನಿಮಿರಿಸಿ ಕೂತೆ. ಟಕ್ ಎನ್ನಲಿಲ್ಲ. ಟಕಟಕ ಕೇಳದೆ ಅಜ್ಜಿ ಗಾಬರಿಯಾದಳು. "ನಿಂತೋಯ್ತೇನೋ?" ಅಪ್ಪ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಓಡಿಸಿದರು. ಅಬ್ಬಾ, ಎಂಥ ಹಗುರವಾಯಿತು ಜೀವಕ್ಕೆ!

ಈಗ ಅಪ್ಪ ಇಲ್ಲ, ಕೊಟ್ಟಿಗೆ ಇಲ್ಲ, ಕಾರು ಯಾವ ಊರಿನ ಗುಜರಿಯಲ್ಲಿ ಕರಗಿತೋ ಗೊತ್ತಿಲ್ಲ. ಆದರೂ ಒಂದು ಸಮಾಧಾನ ನನಗುಳಿದಿದೆ: ಅಜ್ಜಿ ತೀರಿಕೊಂಡ ದಿನ ಬೆಳಿಗ್ಗೆಯೂ ಅದೇ ಕಾರಿನಲ್ಲಿ ಹೋಗಿ ದರ್ಶನ ಮುಗಿಸಿ ಬಂದೇ ಗಂಜಿ ಕುಡಿದಿದ್ದಳು.