ಮಂಗಳವಾರ ಏಳದ ಸರ್ವರ್

“ಯಾಕ್ರಿ ಅಕ್ಕಾರ, ಇದಕ್ಕ ಆರಾಮಿಲ್ಲೇನ್ರಿ?”

ಕೌಂಟರಿನ ಕಿಂಡಿಯಲ್ಲಿ ಬಿಳಿ ರುಮಾಲು ಸುತ್ತಿದ ರೈತರೊಬ್ಬರ ಮುಖ. ನನ್ನ ಮುಂದೆ ಸರ್ವರಿನ ಪರದೆ, ಅದರಲ್ಲಿ ತಾರೀಕು: ಸಾವಿರದ ಒಂಬೈನೂರ ಎಂಬತ್ತು, ಜನವರಿ ಒಂದು. ನಾನು ಬಸವನ ಬಾಗೇವಾಡಿಗೆ ಬಂದದ್ದು ಎರಡು ಸಾವಿರದ ಎರಡರ ಬೇಸಿಗೆಯಲ್ಲಿ. ಬಂದು ಎರಡು ವಾರ ಆಗಿರಲಿಲ್ಲ, ನಾನು ನೋಡಿಕೊಳ್ಳಬೇಕಾದ ಯಂತ್ರ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಇಲ್ಲಿ ಕಾಯಿಲೆ ಬಿದ್ದವರಿಗೆ ‘ಆರಾಮಿಲ್ಲ’ ಅನ್ನುತ್ತಾರೆ. ನಮ್ಮ ಮಂಡ್ಯದ ಕಡೆ ಆರಾಮ್ ಅಂದರೆ ಕಾಲು ಚಾಚಿಕೊಂಡು ಹಾಯಾಗಿರುವುದು. ಯಂತ್ರಕ್ಕೆ ಹುಷಾರಿಲ್ಲವೇ ಎಂದು ಮನೆಯವರ ಯೋಗಕ್ಷೇಮ ಕೇಳಿದ ಹಾಗೆ ಕೇಳುವ ಊರನ್ನು ನಾನು ಕಂಡದ್ದು ಅದೇ ಮೊದಲು.

“ಸ್ವಲ್ಪ ಹೊತ್ತು ಕೂತ್ಕೊಳ್ಳಿ,” ಎಂದೆ.

“ಕುಂಡ್ರಾಕ ಬಂದಿಲ್ರಿ, ಬೀಜಾ ಒಯ್ಯಾಕ ಬಂದೇನಿ,” ಎಂದರು. ಬೈಗುಳವಲ್ಲ, ಇಲ್ಲಿಯವರ ಮಾತೇ ಹಾಗೆ. ಅದು ಗೊತ್ತಾಗಲು ನನಗೆ ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಯಾರು ಮಾತಾಡಿಸಿದರೂ ಜಗಳಕ್ಕೆ ಬಂದರೇನೋ ಅನ್ನಿಸುತ್ತಿತ್ತು.

ನನ್ನ ಕೆಲಸದ ವಿಷಯ ಮೊದಲು ಹೇಳಿಬಿಡುತ್ತೇನೆ. ಬಾಗೇವಾಡಿಯಲ್ಲಿ ರೈತರದೊಂದು ಸಹಕಾರಿ ಸಂಘ, ಬೀಜ ಗೊಬ್ಬರ ಕೊಡುವಂಥದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಅದರ ಶಾಖೆಗಳು. ಯಾವ ಗೋದಾಮಿನಲ್ಲಿ ಯಾವ ಬೀಜ ಇದೆ, ಯಾರಿಗೆ ಎಷ್ಟು ಚೀಲ ಕೊಡಬೇಕು ಎಂಬ ಮಾಹಿತಿಯೆಲ್ಲ ಬಾಗೇವಾಡಿಯ ಒಂದೇ ದೊಡ್ಡ ಕಂಪ್ಯೂಟರಿನಲ್ಲಿ. ಅದೇ ಸರ್ವರ್. ಉಳಿದ ಮೂರು ಊರಿನವರು ಬೆಳಿಗ್ಗೆ ಫೋನ್ ಲೈನಿನಲ್ಲಿ ತಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಅದರೊಳಗೆ ಬರಬೇಕು. ಅದು ಏಳದಿದ್ದರೆ ನಾಲ್ಕೂ ಊರಿನಲ್ಲಿ ಜನ ಸಾಲು ನಿಲ್ಲುತ್ತಾರೆ. ಅದನ್ನು ಮಾರಿದ್ದು ಮೈಸೂರಿನ ನಮ್ಮ ಕಂಪನಿ, ರಿಪೇರಿಗೆಂದು ಇಲ್ಲಿಗೆ ಕಳಿಸಿದ್ದು ನನ್ನನ್ನು.

ಕಳಿಸುವಾಗ ನಮ್ಮ ಮಾಲೀಕರು ಒಂದು ಮಾತು ಕೊಟ್ಟಿದ್ದರು: “ನೋಡು ಶೋಭಾ, ಒಂದು ತಿಂಗಳು ಒಂದೂ ಕಂಪ್ಲೇಂಟ್ ಬರಬಾರದು. ಬರ್ದೆ ಇದ್ರೆ ಮಾರನೇ ದಿನವೇ ನಿನ್ನ ವಾಪಸ್ ಕರೆಸ್ಕೋತೀನಿ.” ಮೂವತ್ತು ದಿನ ತಾನೇ ಎಂದುಕೊಂಡು ಎರಡು ಸೀರೆ, ನಾಲ್ಕು ಚೂಡಿದಾರ, ಒಂದು ಡಬ್ಬಿ ರಾಗಿಹಿಟ್ಟು ಕಟ್ಟಿಕೊಂಡು ಬಂದಿದ್ದೆ.

ಬಾಡಿಗೆಗೆ ಸಿಕ್ಕಿದ್ದು ಮಾಳಿಗೆ ಮನೆಯ ಒಂದು ಕೋಣೆ. ಮಾಳಿಗೆ ಎಂದರೆ ನಮ್ಮಲ್ಲಿಯ ಮಹಡಿಯಲ್ಲ, ಮೇಲೆ ಮಣ್ಣು ಹಾಕಿ ಸಪಾಟು ಮಾಡಿದ ಛಾವಣಿ. ಬೇಸಿಗೆಯಲ್ಲಿ ಒಳಗೆ ತಂಪು, ಆದರೆ ಕಿಟಕಿ ಅಂಗೈಯಗಲ. ನೀರು ಸವಳು, ಅಂದರೆ ಉಪ್ಪುಪ್ಪು. ತಲೆ ತೊಳೆದರೆ ಕೂದಲು ಕತ್ತದ ಹಗ್ಗವಾಗುತ್ತಿತ್ತು. ಮನೆಯೊಡತಿ ಕಾಶೀಬಾಯಿ ನಾನು ಮೊದಲ ದಿನ ಕಟ್ಟಿದ ರಾಗಿಮುದ್ದೆಯನ್ನು ಬಗ್ಗಿ ನೋಡಿ, “ಯವ್ವಾ, ಇದೇನ ಎರಿ ಮಣ್ಣಿನ ಉಂಡಿ ಕಟ್ಟೀರಲ್ರಿ!” ಎಂದು ಬಾಯಿಗೆ ಸೆರಗು ಹಚ್ಚಿ ನಕ್ಕಿದ್ದರು. ಅವತ್ತಿನಿಂದ ನಾನು ಬಾಗಿಲು ಹಾಕಿಕೊಂಡು ಉಣ್ಣತೊಡಗಿದೆ. ಸಂಜೆ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ಮಾತಾಡುವಾಗಲೂ ಒಳಗೇ ಇರುತ್ತಿದ್ದೆ. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು, ಬರ್ತಾಳ ಬಿಡು,” ಎಂದು ಕಾಶೀಬಾಯಿ ಹೇಳುವುದು ಕಿವಿಗೆ ಬೀಳುತ್ತಿತ್ತು. ಹಟ ಬಂದು ನಲ್ಲಿಗೂ ನಸುಕಿನಲ್ಲೇ ಹೋಗಿ ಬರುತ್ತಿದ್ದೆ.

ಸಂಘದ ವಾರದ ರಜೆ ಸೋಮವಾರ. ಯಾಕೆ ಭಾನುವಾರವಲ್ಲ ಎಂದು ನಾನು ಕೇಳಲಿಲ್ಲ. ನನಗಂತೂ ಸೋಮವಾರ ಬಂದರೆ ಜೀವ ಹಿಡಿಯಾಗುತ್ತಿತ್ತು. ಮಾತಾಡಲು ಒಂದು ನರಪಿಳ್ಳೆಯಿಲ್ಲ. ಬಟ್ಟೆ ಒಗೆದು, ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಮಡಿಸಿ, ಮಧ್ಯಾಹ್ನ ಎಸ್‌ಟಿಡಿ ಬೂತಿಗೆ ಹೋಗಿ ಮಂಡ್ಯದ ಅಕ್ಕನಿಗೆ ಫೋನ್ ಮಾಡುವುದು. “ಅಳ್ತಿದ್ದೀಯೇನೆ?” ಎಂದು ಅವಳು ಕೇಳಿದರೆ, “ನೆಗಡಿ ಕಣೆ,” ಎನ್ನುವುದು. ಆ ಬೇಸಿಗೆಯಿಡೀ ನನಗೆ ನೆಗಡಿ.

ಕಚೇರಿಯಲ್ಲಿ ನನ್ನೊಡನೆ ಮಾತಾಡುತ್ತಿದ್ದವರು ಗುರಪ್ಪ ಒಬ್ಬರೇ. ನಾವು ಜವಾನ ಅನ್ನುವುದನ್ನು ಇಲ್ಲಿ ಶಿಪಾಯಿ ಅನ್ನುತ್ತಾರೆ. ಗುರಪ್ಪ ಸಂಘದ ಶಿಪಾಯಿ. ಐವತ್ತೈದು ದಾಟಿದ ವಯಸ್ಸು, ಊರು ಮಸೂತಿ, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಕೀಲಿಕೈ ಎಲ್ಲ ಅವರದೇ. ಮೊದಲ ವಾರವೇ ಸರ್ವರಿನ ಮುಂದೆ ನಿಂತು, “ಇದೇನ ಮಾಡ್ತೈತ್ರಿ ಅಕ್ಕಾರ? ಟೈಪಂತೂ ಬಡಿಯೂದಿಲ್ಲ,” ಎಂದು ಕೇಳಿದರು. ನಾನು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಹೇಳಿದೆ: “ನಿಮ್ಮ ಮನೆಯಲ್ಲಿ ಎತ್ತು ಇದ್ದ ಹಾಗೆ ಇದು, ಗುರಪ್ಪಾ. ಸಂಘದ ಭಾರವನ್ನೆಲ್ಲ ಎಳೆಯೋದು ಇದೇ. ಚೆನ್ನಾಗಿ ನೋಡ್ಕೋಬೇಕು.” ಅವರು ಪೆಟ್ಟಿಗೆಯ ಬೆನ್ನಿನ ಮೇಲೆ ಅಂಗೈಯಿಟ್ಟು, “ಬಿಸಿ ಐತ್ರಿ,” ಎಂದರು. ನಾನು ತಲೆಯಾಡಿಸಿ ನನ್ನ ಕೆಲಸಕ್ಕೆ ಹೋದೆ.

ಮುಂದಿನ ವಾರವೇ ಶುರುವಾಯಿತು. ಮಂಗಳವಾರ ಬೆಳಿಗ್ಗೆ ಮೂರೂ ಊರಿನಿಂದ ಫೋನು: ಪಾಸ್‌ವರ್ಡ್ ಹಿಡಿಯುತ್ತಿಲ್ಲ. ಎಲ್ಲರಿಗೂ ಹೊಸ ಪಾಸ್‌ವರ್ಡ್ ಕೊಟ್ಟೆ. ಅದೂ ಹಿಡಿಯಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಆ ಎಂಬತ್ತನೇ ಇಸವಿ. ಎರಡು ಕಂಪ್ಯೂಟರುಗಳ ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಈ ಸರ್ವರ್ ಯಾರನ್ನೂ ಒಳಗೆ ಬಿಡುವುದಿಲ್ಲ. ಒಳಗಿನ ಗಡಿಯಾರದ ಪುಟ್ಟ ಬ್ಯಾಟರಿ ಸತ್ತಿತ್ತು. ವಾಚ್ ಅಂಗಡಿಯಿಂದ ತಂದು ಹಾಕಿದೆ. ಗೆದ್ದೆ ಅಂದುಕೊಂಡೆ.

ಆದರೆ ಬ್ಯಾಟರಿ ಸತ್ತಿದ್ದರೂ ಕರೆಂಟು ಇರುವವರೆಗೆ ಗಡಿಯಾರ ಕೆಡುವುದಿಲ್ಲ. ಹಾಗಾದರೆ ಯಂತ್ರ ಆರುತ್ತಿದೆ. ಕರೆಂಟು ಹೋದಾಗ ಯಂತ್ರವನ್ನು ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ಸಿನದೇ ತಪ್ಪೆಂದು ಅದರ ಬ್ಯಾಟರಿಗಳನ್ನೂ ಬದಲಿಸಿದೆ. ಮತ್ತೊಂದು ಮಂಗಳವಾರ ಬಂತು. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರಲೆಂದು ಜೋಡಿಸಿದ್ದ ಎರಡು ಡಿಸ್ಕುಗಳಲ್ಲಿ ಒಂದು ಜೊತೆ ಬಿಟ್ಟಿತ್ತು. ಮರಳಿ ಜೋಡಿಸಲು ಇಡೀ ದಿನ ಬೇಕಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಮೂವತ್ತು ದಿನದ ಎಣಿಕೆ ಪ್ರತಿ ಮಂಗಳವಾರ ಒಂದಕ್ಕೆ ಬಂದು ನಿಲ್ಲುತ್ತಿತ್ತು. ಇಲಿ ಇದೆಯೇ ನೋಡಿದೆ, ವೈರು ಎಳೆದು ನೋಡಿದೆ, ಇಂಡಿ, ಸಿಂದಗಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಯ ಮೋಡೆಮ್ ಬಿಚ್ಚಿ ನೋಡಿದೆ. ಗುರಪ್ಪನವರನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ಶಿಪಾಯಿಯನ್ನು ಯಾರು ಕೇಳುತ್ತಾರೆ?

ಹಿಂಗಾರಿ ಬಿತ್ತನೆ ಬಂತು. ಆ ಮಂಗಳವಾರ ಸರ್ವರ್ ಏಳಲೇ ಇಲ್ಲ. ಕಪ್ಪು ಪರದೆ, ಒಂದು ಬಿಳಿ ಸಾಲು, ಡಿಸ್ಕಿನಲ್ಲಿ ಓದಲು ಏನೂ ಇಲ್ಲವಂತೆ. ಹೊರಗೆ ಜೋಳದ ಬೀಜಕ್ಕೆ ರಸ್ತೆಯವರೆಗೆ ಸಾಲು. ಹಸಿ ಆರುವುದರೊಳಗೆ ಬಿತ್ತಬೇಕು, ಆರಿದರೆ ವರ್ಷವೇ ಹೋಯಿತು. ಟೇಪಿನಲ್ಲಿದ್ದ ನಕಲಿನಿಂದ ಎಲ್ಲ ಮರಳಿ ತುಂಬಲು ಎರಡು ದಿನ ಹಿಡಿಯಿತು. ಅಷ್ಟು ಹೊತ್ತೂ ಕಾರ್ಯದರ್ಶಿ ಬಿರಾದಾರ ಸಾಹೇಬರು ಕೈಯಲ್ಲಿ ಚೀಟಿ ಬರೆದು ಬೀಜ ಕೊಡಿಸಿದರು. ನನ್ನನ್ನು ಬೈಯಲಿಲ್ಲ. “ಬಾಯಾರ, ಹಿಂಗ್ಯಾಕ ಆಗಾಕತ್ತೈತಿ ಅನ್ನೂದನ್ನ ಬರದ ಕೊಡ್ರಿ,” ಎಂದರಷ್ಟೇ.

ಅದರ ಮುಂದಿನ ಸೋಮವಾರ ನಾನು ಕಚೇರಿಗೆ ಹೋದೆ. ತಪ್ಪು ಹಿಡಿಯುತ್ತೇನೆಂದು ಹೋದದ್ದಲ್ಲ, ಸುಳ್ಳು ಯಾಕೆ ಹೇಳಲಿ. ಕೋಣೆಯಲ್ಲಿ ಕೂತಿರಲು ಆಗಲಿಲ್ಲ. ಅಕ್ಕನ ಮನೆಯ ಫೋನು ಕೆಟ್ಟಿತ್ತು. ಸರ್ವರಿನ ಫ್ಯಾನಿನ ಸದ್ದಿರುವ ಜಾಗದಲ್ಲಾದರೂ ಕೂತಿರೋಣ ಎಂದು ಹೋದೆ.

ಬಾಗಿಲು ತೆರೆದಿತ್ತು. ಫ್ಯಾನಿನ ಸದ್ದಿರಲಿಲ್ಲ. ಮೇನ್ ಸ್ವಿಚ್ಚು, ಯುಪಿಎಸ್ಸು ಎರಡೂ ಆರಿಸಿದ್ದವು. ಗುರಪ್ಪ ಒಗೆದ ಧೋತರ ಉಟ್ಟು, ಹಸಿ ಬಟ್ಟೆಯಿಂದ ಸರ್ವರಿನ ಮೈ ಒರೆಸುತ್ತಿದ್ದರು. ಅದರ ಹಣೆಯ ಜಾಗದಲ್ಲಿ ವಿಭೂತಿ, ಮೇಲೊಂದು ಕಣಗಲ ಹೂವು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. “ನೀನಾ?” ಎಂದು ಕಿರುಚಿದೆ. ತಂದೆಯ ವಯಸ್ಸಿನವರಿಗೆ ನೀನು ಎಂದೆ. “ಆರು ತಿಂಗಳಿಂದ ನನ್ನ ಜೀವ ತಿಂದವನು ನೀನಾ?”

ಅವರಿಗೆ ಗಾಬರಿಗಿಂತ ಆಶ್ಚರ್ಯವೇ ಹೆಚ್ಚಾಯಿತು. “ಇವತ್ತ ಸೋಮವಾರ ಅಲ್ರಿ ಅಕ್ಕಾರ,” ಎಂದರು. “ಸೋಮವಾರ ಎತ್ತು ಹೂಡೂದಿಲ್ರಿ ನಾವು. ಬಸವಣ್ಣನ ವಾರ. ಅದಕ್ಕ ಅಲ್ರಿ ಸಂಘಕ್ಕೂ ಸೂಟಿ? ನೀವ ಹೇಳಿದ್ರೆಲ್ರಿ, ಸಂಘದ ಎತ್ತು ಅಂತ. ವಾರಗಟ್ಟಲೆ ದುಡೀತೈತಿ, ಮೈ ಕಾಯ್ತೈತಿ. ಒಂದಿನ ಬಿಡಬೇಕಿಲ್ರಿ? ಮಂಗಳವಾರ ನಸಕಿನ್ಯಾಗ ನಾನ ಹಚ್ತೇನ್ರಿ.”

ಆ ಹೊತ್ತಿಗೆ ನಗಬೇಕಿತ್ತು. ಇಲ್ಲವೇ ಕೂತು ತಿಳಿಸಿ ಹೇಳಬೇಕಿತ್ತು. ನಮ್ಮ ಕಡೆಯೂ ಎಷ್ಟೋ ಮನೆಯಲ್ಲಿ ಸೋಮವಾರ ಎತ್ತು ಕಟ್ಟುವುದಿಲ್ಲವಂತೆ, ಅಕ್ಕ ಆಮೇಲೆ ಹೇಳಿದಳು. ನಾವು ಹೊಲವಿಲ್ಲದವರು, ನನಗೆ ಗೊತ್ತಿರಲಿಲ್ಲ. ನಾನು ಮಾಡಿದ್ದೇನು? ಅವರ ಎದುರಿಗೇ ಫೋನೆತ್ತಿ ಬಿರಾದಾರ ಸಾಹೇಬರಿಗೆ ಹೇಳಿದೆ. ಮರುದಿನ ಬರೆದೂ ಕೊಟ್ಟೆ: ‘ಶಿಪಾಯಿ ಪ್ರತಿ ಸೋಮವಾರ ವಿದ್ಯುತ್ ಕಡಿತಗೊಳಿಸುತ್ತಿದ್ದುದೇ ಕಾರಣ.’ ಎತ್ತಿನ ಮಾತು ಹೇಳಿದವಳು ನಾನು ಎಂಬುದನ್ನು ಬರೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ಗುರಪ್ಪನವರನ್ನು ಮುದ್ದೇಬಿಹಾಳದಾಚೆಯ ನಾಲತವಾಡದ ಗೋದಾಮಿಗೆ ಕಾವಲಿಗೆ ಹಾಕಿದರು. ಹೋಗುವಾಗ ಕೀಲಿಕೈ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು, “ತಪ್ಪಾತ್ರಿ ಅಕ್ಕಾರ,” ಎಂದರು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಸರ್ವರ್ ಒಂದು ತಿಂಗಳು ಕಮಕ್ ಕಿಮಕ್ ಅನ್ನಲಿಲ್ಲ. ಮೂವತ್ತನೆಯ ದಿನ ಮೈಸೂರಿನಿಂದ ಫೋನು ಬಂತು: “ಹೊರಡು ಶೋಭಾ.” ಅಕ್ಕ, “ಬಂದ್ಬುಡೆ, ಬಂದ್ಬುಡು,” ಎಂದು ಅತ್ತೇ ಬಿಟ್ಟಳು. ನಾನು ಚೀಲ ಕಟ್ಟಿದೆ. ಆದರೆ ಗುರಪ್ಪನವರ ‘ತಪ್ಪಾತ್ರಿ’ ಕಿವಿಯಿಂದ ಹೋಗಲಿಲ್ಲ. ಮಾರನೆಯ ದಿನ ನಾಲತವಾಡದ ದಾರಿ ಹಿಡಿದೆ.

ಗೋದಾಮಿನ ಮಗ್ಗುಲಿಗೆ ತಗಡಿನದೊಂದು ಕೋಣೆ. ಗುರಪ್ಪ ಸ್ಟವ್ ಮುಂದೆ ಕುಕ್ಕರಗಾಲಿನಲ್ಲಿ ಕೂತು ರೊಟ್ಟಿ ಬಡಿಯಲು ಹೋಗಿ ಸೋತಿದ್ದರು. ಹಿಟ್ಟು ಅಂಗೈಗೆ ಅಂಟಿಕೊಂಡಿತ್ತು. ನನ್ನನ್ನು ಕಂಡು ಎದ್ದು, ಕುಳಿತುಕೊಳ್ಳಲು ಚೀಲ ಹಾಸಿದರು. ಸಿಟ್ಟಿನ ಸುಳಿವೇ ಇರಲಿಲ್ಲ, ಅದೇ ನನಗೆ ಕಷ್ಟವಾಯಿತು.

“ಊರು ಹೇಗಿದೆ?” ಎಂದೆ.

“ಮಂದಿ ಚಲೋ ಅದಾರ್ರಿ. ನಮ್ಮ ಪೈಕಿ ಯಾರೂ ಇಲ್ಲ, ಆ ಮಾತ ಬ್ಯಾರೆ.” ಅಂಗೈಯ ಹಿಟ್ಟು ಕೆರೆಯತೊಡಗಿದರು. “ಐವತ್ತಾರ ವರ್ಷದಾಗ ಮಸೂತಿ ಬಿಟ್ಟು ಒಂದ ರಾತ್ರಿ ಹೊರಗ ಮಲಗಿದಾಂವ ಅಲ್ರಿ ನಾನು. ಸೂಟಿ ದಿನಾ ಹೊತ್ತ ಹೋಗೂದಿಲ್ರಿ. ಹೊಚ್ಚಿಕೊಳ್ಳೂ ಕೌದಿ ಎರಡ ಸಲ ಮಡಚಿ ಇಡ್ತೇನಿ.”

ನಾನು ಅಲ್ಲೇ ಅತ್ತುಬಿಟ್ಟೆ. ಆರು ತಿಂಗಳು ನೆಗಡಿ ಎಂದು ಮುಚ್ಚಿಟ್ಟುಕೊಂಡದ್ದೆಲ್ಲ ಆ ತಗಡಿನ ಕೋಣೆಯಲ್ಲಿ ಹೊರಬಂತು. ಅವರು ದಿಕ್ಕುತೋಚದೆ ನೀರಿನ ತಂಬಿಗೆ ಮುಂದೆ ತಳ್ಳಿ, “ಹಂಗ ಮಾಡಬ್ಯಾಡ್ರಿ ಅಕ್ಕಾರ, ಮಂದಿ ಏನ ಅಂದಾರು,” ಎಂದರು.

ಬಾಗೇವಾಡಿಗೆ ಬಂದವಳು ನೇರ ಬಿರಾದಾರ ಸಾಹೇಬರ ಮನೆಗೆ ಹೋಗಿ ಎತ್ತಿನ ಮಾತನ್ನು ಹೇಳಿದೆ. “ಅಲ್ರಿ ಬಾಯಾರ, ಎತ್ತು ಅಂತ ನೀವ ಅಂದ ಮ್ಯಾಲ ಅಂವಾ ಇನ್ನೇನ ಮಾಡಬೇಕು? ನಾ ಆದ್ರೂ ಹಂಗ ಮಾಡ್ತಿದ್ದೆ. ಇದನ್ನ ಅವತ್ತ ಯಾಕ ಹೇಳಲಿಲ್ಲ?”

“ಊರಿಗೆ ಹೋಗಬೇಕಿತ್ತು,” ಎಂದೆ.

“ಅಂವನ್ನ ಕರಸ್ತೇನಿ ಅಂದ್ರ ಕಮಿಟಿಯವರು ಕೇಳ್ತಾರ, ಮತ್ತ ಕೆಟ್ರ ಯಾರು ಅಂತ. ನೀವಂತೂ ಹೊಂಟ್ರಿ.” ಚಹಾದ ಕಪ್ಪು ಕೆಳಗಿಟ್ಟರು. “ಒಂದ ವರ್ಷ ಇದ್ದು ಅಂವಗ ಕಲಸ್ತೀರಿ, ಜವಾಬ್ದಾರಿ ನಿಮ್ಮದು ಅಂದ್ರ ನಾಳೇನ ಕರಸ್ತೇನಿ.”

ಹೂಂ ಅಂದೆ. ಅಲ್ಲಿಂದ ನೇರ ಎಸ್‌ಟಿಡಿ ಬೂತಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅಕ್ಕ ಎರಡು ವಾರ ಫೋನಿನಲ್ಲಿ ಮಾತು ಬಿಟ್ಟಳು.

ಗುರಪ್ಪ ಕಾಕಾ ಈಗ ಸರ್ವರನ್ನು ನನಗಿಂತ ಶಿಸ್ತಾಗಿ ಮಲಗಿಸುತ್ತಾರೆ. ಭಾನುವಾರ ಸಂಜೆ ನಕಲು ತೆಗೆದು, ಪರದೆಯ ಮೇಲೆ ಆರಿಸಬಹುದು ಎಂದು ಬರುವವರೆಗೂ ಕೈಕಟ್ಟಿ ನಿಂತು, ಆಮೇಲೆ ಸ್ವಿಚ್ಚಿಗೆ ಕೈ ಹಾಕುತ್ತಾರೆ. ಮಂಗಳವಾರ ಮೂರೂ ಊರಿನವರು ಸಲೀಸಾಗಿ ಒಳಗೆ ಬರುತ್ತಾರೆ. ಕಾಶೀಬಾಯಿಯವರ ಕಟ್ಟೆಯ ಮೇಲೆ ನಾನೂ ಕೂರುತ್ತೇನೆ. ಮಂಡ್ಯಕ್ಕೆ ಹೋದರೆ ಅಕ್ಕನ ಮಕ್ಕಳು, “ಚಿಕ್ಕಮ್ಮ ಎಲ್ಲದಕ್ಕೂ ‘ರಿ’ ಅಂಟುಸ್ತಾಳೆ,” ಎಂದು ಅಣಕಿಸುತ್ತಾರೆ. ಇಲ್ಲಿ ನಾನು ಇವತ್ತಿಗೂ ‘ಮೈಸೂರ ಕಡೀ ಬಾಯಾರು’. ಒಪ್ಪಿಕೊಂಡ ವರ್ಷದಲ್ಲಿ ಇನ್ನೂ ಏಳು ತಿಂಗಳು ಬಾಕಿಯಿದೆ. ಒಳ್ಳೆಯದು ಮಾಡಿದೆ ಎಂಬ ಸಮಾಧಾನ ದಿನವೆಲ್ಲ ಇರುತ್ತದೆ, ಸಂಜೆಗೆ ಸಾಲುವುದಿಲ್ಲ.

ಐದೂವರೆಗೆ ಮಸೂತಿಯ ಬಸ್ಸು. ಕಾಕಾ ಐದಕ್ಕೇ ಚೀಲ ಹೆಗಲಿಗೆ ಹಾಕಿ ಚಡಪಡಿಸುತ್ತಾರೆ. “ಬರ್ತೇನ್ರಿ ಅಕ್ಕಾರ, ಮನ್ಯಾಗ ದಾರಿ ನೋಡ್ತಿರ್ತಾರ,” ಅನ್ನುತ್ತಾರೆ. ನಾನು ಸ್ಟ್ಯಾಂಡಿನವರೆಗೆ ಹೋಗುತ್ತೇನೆ, ಅಲ್ಲಿ ನನಗೇನೂ ಕೆಲಸವಿರುವುದಿಲ್ಲ. ಅವರು ಕಿಟಕಿಯಿಂದ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಆ ಬಸ್ಸು ನನ್ನ ಊರಿಗೆ ಹೋಗುವುದಲ್ಲ ಎಂದು ಗೊತ್ತಿದ್ದೂ, ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿರುತ್ತೇನೆ.